ನೀರಿನ ಸೂತ್ರಕ್ಕೆ ಐವತ್ತು ವರ್ಷದ ವ್ಯಾಜ್ಯ

1860ರ ಸೆಪ್ಟೆಂಬರ್ 3ರಂದು ಜರ್ಮನಿಯ ಕಾರ್ಲ್ಸ್‌ರೂಹೆ ಪಟ್ಟಣದಲ್ಲಿ ನಾನಾ ದೇಶಗಳ ಸುಮಾರು 140 ಮಂದಿ ರಸಾಯನ ವಿಜ್ಞಾನಿಗಳು ಸೇರಿದರು. ರಸಾಯನಶಾಸ್ತ್ರದ ಮಟ್ಟಿಗೆ ಅದೇ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ. ಸಭೆಯ ಮುಖ್ಯ ರೂವಾರಿ ಆಗಸ್ಟ್ ಕೆಕುಲೆಗೆ ಇನ್ನೂ 31 ತುಂಬಿರಲಿಲ್ಲ. ಹೊಸದೊಂದು ಆವಿಷ್ಕಾರವನ್ನು ಸಾರುವುದಕ್ಕೆ ಕರೆದ ಸಭೆಯಲ್ಲ ಇದು. ಪರಮಾಣು ಎಂದರೇನು, ಅಣು ಎಂದರೇನು, ನೀರಿನ ಸೂತ್ರವನ್ನು ಹೇಗೆ ಬರೆಯಬೇಕು ಎಂಬುದರಲ್ಲೇ ಇವರಿಗೆ ಒಮ್ಮತವಿರಲಿಲ್ಲ!

ಇಂದಿನ ಪಿಯುಸಿ ವಿದ್ಯಾರ್ಥಿ ನಿದ್ದೆಯಲ್ಲೂ ಹೇಳಬಲ್ಲ ‘ಎಚ್2ಓ’ ಆಗ ಹಲವರ ಪುಸ್ತಕಗಳಲ್ಲಿ ಬರೀ ‘ಎಚ್‌ಓ’ ಆಗಿತ್ತು. ಇಂಗಾಲದ ಪರಮಾಣು ತೂಕ ಕೆಲವರಿಗೆ 6, ಕೆಲವರಿಗೆ 12. ಆಮ್ಲಜನಕದ್ದು 8 ಅಥವಾ 16. ಮರುವರ್ಷ ಹೊರಬಂದ ತನ್ನ ಪಠ್ಯಪುಸ್ತಕದಲ್ಲಿ ಕೆಕುಲೆ, ಅಸಿಟಿಕ್ ಆಮ್ಲವೆಂಬ ಒಂದೇ ವಸ್ತುವಿಗೆ ಆಗ ಚಾಲ್ತಿಯಲ್ಲಿದ್ದ 19 ಸೂತ್ರಗಳನ್ನು ಪಟ್ಟಿ ಮಾಡಿದ. ವಿದ್ಯಾರ್ಥಿಗಳ ಪಾಡು ಏನಾಗಿದ್ದಿರಬೇಕು ಎಂಬುದನ್ನು ಊಹಿಸಿಕೊಳ್ಳಬಹುದು.

ಗೊಂದಲದ ಬೇರು ಇದ್ದದ್ದು ಜಾನ್ ಡಾಲ್ಟನ್‌ನಲ್ಲಿ. ಪ್ರತಿ ಮೂಲವಸ್ತುವಿನ ಪರಮಾಣುವಿಗೂ ಅದರದೇ ಆದ ತೂಕವಿದೆ ಎಂದು 1808ರಲ್ಲಿ ಇಂಗ್ಲೆಂಡಿನ ಈ ಶಾಲಾ ಮೇಷ್ಟ್ರು ಗ್ರಂಥ ಬರೆದು ಸಾರಿದ. ಮಾತು ಸರಿಯೇ. ಆದರೆ ಆ ತೂಕವನ್ನು ಕಂಡುಹಿಡಿಯುವುದು ಹೇಗೆ? ಒಂದು ಮೂಟೆಯಲ್ಲಿ ಒಂದು ಕಿಲೋ ಅಡಿಕೆ, ಎಂಟು ಕಿಲೋ ತೆಂಗಿನಕಾಯಿ ಇದೆ ಎಂದಿಟ್ಟುಕೊಳ್ಳಿ. ಅಡಿಕೆ ಎಷ್ಟು, ಕಾಯಿ ಎಷ್ಟು ಎಂದು ಎಣಿಸದೆ ಒಂದು ಕಾಯಿ ಒಂದು ಅಡಿಕೆಗಿಂತ ಎಷ್ಟು ಪಟ್ಟು ಭಾರ ಎಂದು ಹೇಳಲಾಗದು. ನೀರಿನಲ್ಲಿ ಜಲಜನಕಕ್ಕೆ ಎಂಟು ಪಟ್ಟು ತೂಕದ ಆಮ್ಲಜನಕವಿದೆ ಎಂದು ತಕ್ಕಡಿ ಹೇಳುತ್ತದೆ. ಎಷ್ಟು ಪರಮಾಣುಗಳಿವೆ ಎಂದು ಹೇಳುವುದಿಲ್ಲ. ಎರಡು ಮೂಲವಸ್ತುಗಳಿಂದ ಆಗುವ ಸಂಯುಕ್ತ ಒಂದೇ ಗೊತ್ತಿದ್ದರೆ, ಅದರಲ್ಲಿ ಎರಡರದೂ ಒಂದೊಂದೇ ಪರಮಾಣು ಎಂದು ಡಾಲ್ಟನ್ ತೀರ್ಮಾನಿಸಿಬಿಟ್ಟ. ಇದಕ್ಕೆ ಆಧಾರ ಸರಳತೆಯ ಮೇಲಿನ ಅವನ ನಂಬಿಕೆಯಷ್ಟೇ.

ಇದೇ ವೇಳೆಗೆ ಫ್ರಾನ್ಸಿನ ಗೇ ಲ್ಯುಸಾಕ್, ಅನಿಲಗಳನ್ನು ತೂಗುವ ಬದಲು ಅಳೆದು ನೋಡಿದ. ಎರಡು ಪಾಲು ಜಲಜನಕ, ಒಂದು ಪಾಲು ಆಮ್ಲಜನಕ ಸೇರಿದರೆ ಎರಡು ಪಾಲು ನೀರಾವಿ. ಇಷ್ಟು ಅಚ್ಚುಕಟ್ಟಾದ ಲೆಕ್ಕವನ್ನು ಡಾಲ್ಟನ್ ನಂಬಲಿಲ್ಲ. ಅದರ ಒಳಗುಟ್ಟನ್ನು 1811ರಲ್ಲಿ ಬಿಡಿಸಿದವನು ಇಟಲಿಯ ಟ್ಯೂರಿನ್‌ನ ಅಮೆಡಿಯೊ ಅವೊಗಾಡ್ರೊ. ಇವನು ಓದಿದ್ದು ಚರ್ಚಿನ ಕಾನೂನು, ಒಲಿದದ್ದು ಭೌತವಿಜ್ಞಾನ. ಒಂದೇ ಉಷ್ಣತೆ, ಒಂದೇ ಒತ್ತಡದಲ್ಲಿ ಸಮಗಾತ್ರದ ಯಾವ ಅನಿಲದಲ್ಲೂ ಅಣುಗಳ ಸಂಖ್ಯೆ ಒಂದೇ ಎಂದು ಅವನು ವಾದಿಸಿದ. ಹಾಗಾದರೆ ಒಂದು ಪಾಲು ಆಮ್ಲಜನಕ ಎರಡು ಪಾಲು ಆವಿಗೆ ಹಂಚಿಹೋಗಬೇಕಾದರೆ ಅದರ ಪ್ರತಿ ಅಣುವೂ ಎರಡಾಗಿ ಸೀಳಬೇಕು. ಅಂದರೆ ಆ ಅಣುವಿನಲ್ಲಿ ಎರಡು ಪರಮಾಣುಗಳು ಜೋಡಿಯಾಗಿರಬೇಕು.

ಎಣಿಕೆಗೆ ದಾರಿ ಸಿಕ್ಕಿತ್ತು. ಆದರೆ ಯಾರೂ ಆ ದಾರಿ ಹಿಡಿಯಲಿಲ್ಲ. ಇದನ್ನು ಬರೀ ಪಂಡಿತರ ಹಟಮಾರಿತನ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಪರಮಾಣುಗಳು ಕೂಡುವುದು ವಿರುದ್ಧ ವಿದ್ಯುದಂಶಗಳ ಆಕರ್ಷಣೆಯಿಂದ ಎಂಬುದು ಸ್ವೀಡನ್ನಿನ ಬರ್ಜೀಲಿಯಸ್‌ನ ಸಿದ್ಧಾಂತವಾಗಿತ್ತು. ಅದರ ಪ್ರಕಾರ ಒಂದೇ ಬಗೆಯ ಎರಡು ಪರಮಾಣುಗಳು ಜೋಡಿಯಾಗಲು ಸಾಧ್ಯವೇ ಇರಲಿಲ್ಲ. ಇನ್ನೊಂದೆಡೆ ಫ್ರಾನ್ಸಿನ ಡ್ಯೂಮಾ ಆವಿಗಳ ತೂಕ ಹಿಡಿದು ಪರೀಕ್ಷೆಗಿಳಿದಾಗ ಗಂಧಕದ್ದು ನಿರೀಕ್ಷೆಯ ಮೂರು ಪಟ್ಟು, ರಂಜಕದ್ದು ಎರಡು ಪಟ್ಟು, ಪಾದರಸದ್ದು ಅರ್ಧ ಬಂತು. ಎಲ್ಲ ಅಣುಗಳಲ್ಲೂ ಎರಡೇ ಪರಮಾಣು ಇರಬೇಕಾಗಿಲ್ಲ ಎಂಬುದು ಹೊಳೆಯದೆ ಅವನು ಬೇಸತ್ತು, ಪರಮಾಣು ಎಂಬ ಪದವನ್ನೇ ವಿಜ್ಞಾನದಿಂದ ಅಳಿಸಿಹಾಕಬೇಕು ಎನ್ನುವವರೆಗೂ ಹೋದ. 1856ರಲ್ಲಿ ಅವೊಗಾಡ್ರೊ ತೀರಿಕೊಂಡಾಗ ಅವನ ವಾದ ಮೂಲೆಗುಂಪಾಗಿಯೇ ಇತ್ತು.

ಅದನ್ನು ಎತ್ತಿ ನಿಲ್ಲಿಸಿದವನು ಸಿಸಿಲಿಯ ಸ್ಟಾನಿಸ್ಲಾವೊ ಕನಿಜಾರೊ. 1848ರ ಕ್ರಾಂತಿಯಲ್ಲಿ ಭಾಗವಹಿಸಿ, ಅದು ಸೋತಾಗ ಫ್ರಾನ್ಸಿಗೆ ತಲೆತಪ್ಪಿಸಿಕೊಂಡು ಹೋಗಿದ್ದ ಮನುಷ್ಯ. ಆಮೇಲೆ ಜಿನೋವಾದಲ್ಲಿ ಅಧ್ಯಾಪಕನಾಗಿದ್ದಾಗ, ತನ್ನ ತರಗತಿಯ ಪಾಠಕ್ರಮವನ್ನೇ 1858ರಲ್ಲಿ ಲೇಖನವಾಗಿ ಪ್ರಕಟಿಸಿದ. ಅದರ ಉಪಾಯ ಬಲು ಸರಳ. ಇಂಗಾಲವಿರುವ ಅನಿಲಗಳನ್ನು ಸಾಲಾಗಿಟ್ಟು, ಅವೊಗಾಡ್ರೊನ ನಿಯಮದಿಂದ ಅವುಗಳ ಅಣುತೂಕ ಕಂಡುಕೊಳ್ಳಿ. ಮೀಥೇನ್‌ನದು 16, ಅದರಲ್ಲಿ ಇಂಗಾಲದ ಪಾಲು 12. ಕಾರ್ಬನ್ ಮಾನಾಕ್ಸೈಡ್ 28, ಇಂಗಾಲ 12. ಕಾರ್ಬನ್ ಡೈಆಕ್ಸೈಡ್ 44, ಇಂಗಾಲ 12. ಎಥಿಲೀನ್ 28, ಇಂಗಾಲ 24. ಪಾಲು 12 ಅಥವಾ ಅದರ ಗುಣಕ. 6 ಎಲ್ಲಿಯೂ ಇಲ್ಲ. ಹಾಗಿದ್ದ ಮೇಲೆ ಇಂಗಾಲದ ಪರಮಾಣು ತೂಕ 12 ಎನ್ನದೆ ಬೇರೆ ದಾರಿಯಿಲ್ಲ.

ಕಾರ್ಲ್ಸ್‌ರೂಹೆಯಲ್ಲಿ ಕನಿಜಾರೊ ಆವೇಶದಿಂದಲೇ ಮಾತಾಡಿದ. ಆದರೆ ಇಂಥ ಪ್ರಶ್ನೆಗಳನ್ನು ಕೈಯೆತ್ತಿಸಿ ತೀರ್ಮಾನಿಸುವುದುಂಟೇ ಎಂಬ ಮಾತು ಬಂತು. ಸಭೆ ಒಮ್ಮತವಿಲ್ಲದೆ ಮುಗಿಯಿತು. ಪ್ರತಿನಿಧಿಗಳು ಹೊರಡುವ ಹೊತ್ತಿಗೆ ಅವನ ಗೆಳೆಯ ಪವೇಸಿ ಆ ಲೇಖನದ ಪ್ರತಿಗಳನ್ನು ಹಂಚಿದ. ಫಲ ಕೊಟ್ಟದ್ದು ಮೂರು ದಿನದ ಚರ್ಚೆಗಿಂತ ಈ ಕಿರುಹೊತ್ತಗೆಯೇ. ಅದನ್ನು ಓದಿದಾಗ ಕಣ್ಣಿನ ಪೊರೆಯೇ ಕಳಚಿದಂತಾಯಿತು ಎಂದು ಜರ್ಮನಿಯ ಲೋಥರ್ ಮೇಯರ್ ಮುಂದೆ ನೆನೆದುಕೊಂಡ. ಸಭೆಯಲ್ಲಿದ್ದ ಇನ್ನೊಬ್ಬ ತರುಣ ರಷ್ಯದ ಮೆಂಡಲೀವ್, ಆಗ ವಯಸ್ಸು 26. ಅವನು 1869ರಲ್ಲಿ ಮೂಲವಸ್ತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿ ಆವರ್ತ ಕೋಷ್ಟಕ ರಚಿಸಿದ. ತೂಕಗಳೇ ತಪ್ಪಾಗಿದ್ದರೆ ಆ ಕೋಷ್ಟಕ ಕೂಡಿಬರುತ್ತಲೇ ಇರಲಿಲ್ಲ.

ಕನಿಜಾರೊಗೆ 1891ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಸಂದಿತು. ಅವೊಗಾಡ್ರೊನ ಸರದಿ ಬಂದದ್ದು 1909ರಲ್ಲಿ. ಒಂದು ಮೋಲ್ ವಸ್ತುವಿನಲ್ಲಿರುವ ಅಣುಗಳ ಸಂಖ್ಯೆಗೆ ಅವನ ಹೆಸರಿಡಬೇಕೆಂದು ಫ್ರಾನ್ಸಿನ ಜಾನ್ ಪೆರಿನ್ ಸೂಚಿಸಿದ. ಸ್ಥೂಲವಾಗಿ 602ರ ಮುಂದೆ 21 ಸೊನ್ನೆ ಬರೆದರೆ ಎಷ್ಟೋ ಅಷ್ಟು. 2019ರಿಂದ ಮೋಲ್‌ನ ವ್ಯಾಖ್ಯೆಗೇ ಈ ಸಂಖ್ಯೆ ಆಧಾರ. ಅವೊಗಾಡ್ರೊ ಮಾತ್ರ ತನ್ನ ಜೀವಮಾನದಲ್ಲಿ ಅದನ್ನು ಲೆಕ್ಕ ಹಾಕಿದವನಲ್ಲ.