ಮಳೆಗಾಲದ ಜೋಗ: ಒಂದು ಕುಟುಂಬ ಪ್ರವಾಸದ ಚರಿತ್ರೆ

ಕನ್ನಡನಾಡಿನ ಕುಟುಂಬಗಳು ಮನೆ ಬಿಟ್ಟು ಹಸಿರಿನ ನಡುವೆ ಒಂದು ಹಗಲು ಕಳೆಯುತ್ತಿದ್ದ ಹಳೆಯ ಪದ್ಧತಿಗಳಲ್ಲಿ ಕಾರ್ತಿಕ ಮಾಸದ ವನಭೋಜನ ಮುಖ್ಯವಾದುದು. ಮಳೆ ಹಿಂದೆ ಸರಿದು, ಹಾದಿಯ ಕೆಸರು ಆರಿದ ಮೇಲೆ ನೆಲ್ಲಿಯ ಮರಕ್ಕೆ ಪೂಜೆ ಸಲ್ಲಿಸಿ, ಅದರ ನೆರಳಿನಲ್ಲಿ ಬಂಧುಬಳಗವೆಲ್ಲ ಒಟ್ಟಾಗಿ ಉಣ್ಣುವ ಈ ಆಚರಣೆಯ ಕಾಲನಿರ್ಣಯದಲ್ಲಿಯೇ ಹಿಂದಿನವರ ವಿವೇಕ ಕಾಣುತ್ತದೆ. ಸಂಚಾರವೇ ಧರ್ಮವೆಂದು ತಿಳಿದ ಸಂನ್ಯಾಸಿಗಳು ಕೂಡ ಮಳೆಗಾಲದಲ್ಲಿ ಒಂದೆಡೆ ನೆಲೆನಿಲ್ಲುವ ಚಾತುರ್ಮಾಸ್ಯದ ವ್ರತವನ್ನು ಪಾಲಿಸುತ್ತಿದ್ದರು. ಗೃಹಸ್ಥರು ಮದುವೆ, ಜಾತ್ರೆಗಳನ್ನು ಹೆಚ್ಚಾಗಿ ಒಣದಿನಗಳಿಗೆ ಇರಿಸಿಕೊಳ್ಳುತ್ತಿದ್ದರು. ಮಲೆನಾಡಿನಲ್ಲಂತೂ ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲವೆಂದರೆ ಗದ್ದೆಯ ನಾಟಿಯ ಕಾಲ. ಗಂಡಸರು ಕಂಬಳಿಕೊಪ್ಪೆಯನ್ನೂ, ಹೆಂಗಸರು ಬಿದಿರಿನ ಹಂದರಕ್ಕೆ ಎಲೆ ಹೊದಿಸಿದ ಗೊರಬನ್ನೂ ತಲೆಯಿಂದ ಬೆನ್ನಿಗೆ ಇಳಿಬಿಟ್ಟು ದಿನವಿಡೀ ಕೆಸರಿನಲ್ಲಿ ದುಡಿಯುತ್ತಿದ್ದ ಆ ದಿನಗಳಲ್ಲಿ ವಿಹಾರದ ಯೋಚನೆಗೆ ಎಡೆಯಿರಲಿಲ್ಲ.

ಇಂದು ಜುಲೈ, ಆಗಸ್ಟ್ ತಿಂಗಳ ಜಡಿಮಳೆಯಲ್ಲಿ, ಮಕ್ಕಳನ್ನೂ ವೃದ್ಧರನ್ನೂ ಕರೆದುಕೊಂಡು, ಮುಂದಿನ ಹತ್ತು ಮಾರು ಕಾಣದ ಮಂಜಿನಲ್ಲಿ ಕುಟುಂಬಗಳು ಜೋಗ ಜಲಪಾತದ ಅಂಚಿನಲ್ಲಿ ನಿಲ್ಲುತ್ತವೆ. ನೂರಾರು ವರ್ಷಗಳ ರೂಢಿಗೆ ವಿರುದ್ಧವಾದ ಈ ಪದ್ಧತಿ ಬೆಳೆದು ಬಂದ ಬಗೆಯನ್ನು ವಿಚಾರಿಸುವಾಗ, ಮಳೆಯ ಮೇಲಿನ ಅಕ್ಕರೆಯೊಂದನ್ನೇ ಕಾರಣವೆಂದು ಹೇಳಿದರೆ ಸಾಲದು. ಇದರ ಹಿಂದೆ ಒಂದು ನದಿಯನ್ನು ತಡೆದು ನಿಲ್ಲಿಸಿದ ಚರಿತ್ರೆಯಿದೆ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿಯು ಜೋಗದಲ್ಲಿ ರಾಜ, ರೋರರ್, ರಾಕೆಟ್, ರಾಣಿ ಎಂಬ ನಾಲ್ಕು ಕವಲುಗಳಾಗಿ ಸುಮಾರು 253 ಮೀಟರ್ ಆಳಕ್ಕೆ ಧುಮುಕುತ್ತದೆ. ಇವುಗಳಲ್ಲಿ ರೋರರ್ ಬಂಡೆಗಳ ನಡುವೆ ಅಬ್ಬರಿಸುತ್ತ ಇಳಿದು ನಡುದಾರಿಯಲ್ಲಿ ರಾಜನನ್ನು ಕೂಡಿಕೊಳ್ಳುತ್ತದೆ. ಬ್ರಿಟಿಷರ ದಾಖಲೆಗಳು ಈ ಜಲಪಾತವನ್ನು ಕಣಿವೆಯ ಕೆಳಗಿರುವ ಗೇರುಸೊಪ್ಪೆಯ ಹೆಸರಿನಿಂದಲೇ ಗುರುತಿಸಿದವು. 1856ರಲ್ಲಿ ನೌಕಾಪಡೆಯ ಅಧಿಕಾರಿಗಳು ನಡೆಸಿದ ಅಳತೆಯಲ್ಲಿ ಎತ್ತರ 829 ಅಡಿಯೆಂದೂ, ಬುಡದ ಮಡುವಿನ ಆಳ 132 ಅಡಿಯೆಂದೂ ಗೊತ್ತಾಯಿತು. ಮುಂದಿನ ದಶಕಗಳಲ್ಲಿ ನದಿಯ ಒಂದು ದಡ ಮುಂಬಯಿ ಪ್ರಾಂತಕ್ಕೂ ಇನ್ನೊಂದು ದಡ ಮೈಸೂರು ಸಂಸ್ಥಾನಕ್ಕೂ ಸೇರಿದ್ದುದರಿಂದ ಎರಡೂ ಕಡೆ ಪ್ರವಾಸಿಗರ ಬಂಗಲೆಗಳು ತಲೆಯೆತ್ತಿದವು. ಕರಾವಳಿಯಿಂದ ಬರುವವರು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಬಂದು, ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ಹೀಗೆ ಬರುತ್ತಿದ್ದವರು ಹೆಚ್ಚಾಗಿ ಅಧಿಕಾರಿಗಳು ಮತ್ತು ಅವರ ಅತಿಥಿಗಳು. ಅವರ ಕೈಪಿಡಿಗಳು ಜೋಗವನ್ನು ನೋಡಲು ತಕ್ಕ ಕಾಲವೆಂದು ಸೂಚಿಸುತ್ತಿದ್ದುದು ಮಳೆ ಕಳೆದ ಬಳಿಕದ ಚಳಿಗಾಲವನ್ನು. ಮಳೆಗಾಲದಲ್ಲಿ ನದಿ ಉಕ್ಕಿ ಹರಿದರೂ ಕಣಿವೆಯಿಂದ ಏಳುವ ಆವಿ ಮತ್ತು ಮಂಜು ಸೇರಿ ದೃಶ್ಯವನ್ನೇ ನುಂಗಿಬಿಡುತ್ತಿತ್ತು. ಡಿಸೆಂಬರಿನ ವೇಳೆಗೆ ಆಕಾಶ ತಿಳಿಯಾಗಿ, ಕವಲುಗಳಲ್ಲಿ ಇನ್ನೂ ಸಾಕಷ್ಟು ನೀರು ಉಳಿದಿರುತ್ತಿತ್ತು.

ಈ ಕಾಲಕ್ರಮವನ್ನು ಬದಲಿಸಿದ್ದು ವಿದ್ಯುತ್ ಯೋಜನೆಗಳು. ಮಡೆನೂರಿನ ಬಳಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟಿನ ನೀರಿನಿಂದ 1940ರ ದಶಕದ ಕೊನೆಯಲ್ಲಿ ಜೋಗದ ಕೆಳಗಿನ ವಿದ್ಯುದಾಗಾರ ಕೆಲಸ ಆರಂಭಿಸಿತು. ಮಹಾತ್ಮ ಗಾಂಧಿಯವರ ಹೆಸರು ಹೊತ್ತ ಆ ಕೇಂದ್ರದ ಮೂಲ ಸಾಮರ್ಥ್ಯ 120 ಮೆಗಾವ್ಯಾಟ್ ಆಗಿತ್ತು. 1964ರಲ್ಲಿ ಮೇಲ್ಗಡೆ ಪೂರ್ಣಗೊಂಡ ಲಿಂಗನಮಕ್ಕಿಯ ಅಣೆಕಟ್ಟು ಸುಮಾರು 2.4 ಕಿಲೋಮೀಟರ್ ಉದ್ದವಾಗಿದ್ದು, ಅದರ ಜಲಾಶಯವು 151 ಟಿಎಂಸಿ ನೀರನ್ನು, ಅಂದರೆ 15,100 ಕೋಟಿ ಘನ ಅಡಿಯಷ್ಟನ್ನು, ಹಿಡಿದಿಡಬಲ್ಲದು. ಹಳೆಯ ಹಿರೇಭಾಸ್ಕರ ಕಟ್ಟೆಯೂ ಅದರೊಳಗೆ ಮುಳುಗಿತು. ಅಲ್ಲಿಂದ ನೀರು ತಳಕಳಲೆಯ ಸಮತೋಲನ ಜಲಾಶಯದ ಮೂಲಕ, ಎಂದರೆ ಯಂತ್ರಗಳಿಗೆ ಒಂದೇ ಪ್ರಮಾಣದಲ್ಲಿ ನೀರು ಒದಗಿಸುವ ನಡುಗೆರೆಯ ಮೂಲಕ, ಜಲಪಾತವನ್ನು ಬಳಸಿಕೊಂಡು ಶರಾವತಿ ವಿದ್ಯುದಾಗಾರಕ್ಕೆ ಹೋಗುತ್ತದೆ. ಆದುದರಿಂದ ಡಿಸೆಂಬರಿನ ಜೋಗ ಬಡವಾಯಿತು, ಬೇಸಗೆಯಲ್ಲಿ ಬಂಡೆಯ ಮೇಲೆ ತೆಳುಗೆರೆಗಳಷ್ಟೇ ಉಳಿದವು. ಅಣೆಕಟ್ಟಿನ ಕೆಳಗಿನ ಕಾಡಿನ ಹಳ್ಳಗಳು ಮಳೆಯಿಂದ ತುಂಬಿ ಬಂದಾಗ, ಇಲ್ಲವೆ ಜಲಾಶಯ ಭರ್ತಿಯಾಗಿ ಅದರ ಬಾಗಿಲುಗಳನ್ನು ತೆರೆದಾಗ ಮಾತ್ರ ನಾಲ್ಕು ಕವಲುಗಳೂ ಮೈದುಂಬುತ್ತವೆ. ಹಿಂದಿನ ಪ್ರವಾಸಿಗರು ಬೇಡವೆಂದು ಬಿಟ್ಟ ಋತುವೇ ಹೀಗೆ ಜೋಗದ ಋತುವಾಯಿತು.

ಇದೇ ದಶಕಗಳಲ್ಲಿ ದಾರಿಯೂ ಸುಗಮವಾಯಿತು. ಶಿವಮೊಗ್ಗದಿಂದ ಸಾಗರದ ಮೂಲಕ ತಾಳಗುಪ್ಪದವರೆಗಿನ ರೈಲುಮಾರ್ಗ 1940ರ ಹೊತ್ತಿಗೆ ಮುಗಿದಿತ್ತು. 1956ರ ಏಕೀಕರಣದಿಂದ ಉತ್ತರ ಕನ್ನಡ ಮೈಸೂರು ರಾಜ್ಯಕ್ಕೆ ಸೇರಿ ಎರಡು ದಡಗಳ ನಡುವಿನ ಗಡಿ ಅಳಿಯಿತು. ಸರ್ಕಾರಿ ಬಸ್ಸುಗಳು ಬಂದವು, ಶಾಲೆಯ ಪ್ರವಾಸಗಳು ಬಂದವು. ಮೂಗೂರು ಮಲ್ಲಪ್ಪನವರ ಜೋಗದ ಗೀತೆಯನ್ನು 1992ರ ‘ಜೀವನ ಚೈತ್ರ’ ಚಿತ್ರದಲ್ಲಿ ರಾಜಕುಮಾರ್ ಹಾಡಿದ ಬಳಿಕ, ಜೋಗವನ್ನು ನೋಡುವುದು ಬಾಳಿನಲ್ಲಿ ಒಮ್ಮೆಯಾದರೂ ಸಲ್ಲಿಸಬೇಕಾದ ಕರ್ತವ್ಯವೆಂಬ ಭಾವನೆ ಮನೆಮನೆಯಲ್ಲಿ ಬೇರೂರಿತು.

ಈ ಪ್ರವಾಸದ ನಿಜವಾದ ತಿರುಳು ಇರುವುದು ಕಾಯುವಿಕೆಯಲ್ಲಿ. ಬಟ್ಟೆ ತೊಯ್ದು, ಛತ್ರಿ ಗಾಳಿಗೆ ಮಗುಚಿ, ಕಟ್ಟಿಕೊಂಡು ಬಂದ ಚಿತ್ರಾನ್ನ, ಮೊಸರನ್ನದ ಬುತ್ತಿಯನ್ನು ವಾಹನದೊಳಗೇ ಬಿಚ್ಚಬೇಕಾಗಿ ಬಂದರೂ ಯಾರೂ ಹಿಂತಿರುಗುವ ಮಾತೆತ್ತುವುದಿಲ್ಲ. ಕಣಿವೆಯಿಂದ ಬೀಸುವ ಗಾಳಿಯ ಒಂದು ರಭಸಕ್ಕೆ ಮಂಜಿನ ತೆರೆ ಸರಿದು, ಕೆಲವು ಕ್ಷಣ ಜಲಪಾತ ಪೂರ್ತಿಯಾಗಿ ಕಾಣಿಸಿಕೊಂಡು ಮತ್ತೆ ಮರೆಯಾಗುತ್ತದೆ. ಅದುವರೆಗೆ ಸದ್ದನ್ನಷ್ಟೇ ಕೇಳುತ್ತಿದ್ದವರು ಅಪರಿಚಿತರೊಡನೆ ಕೂಡಿ ಕೂಗುತ್ತಾರೆ, ಕಂಡವರು ಕಾಣದ ಮಕ್ಕಳನ್ನು ಎತ್ತಿ ತೋರಿಸುತ್ತಾರೆ. ಬುಡಕ್ಕೆ ಇಳಿಯುವ ಸುಮಾರು 1400 ಮೆಟ್ಟಿಲುಗಳ ದಾರಿಯನ್ನು ಮಳೆಗಾಲದಲ್ಲಿ ಮುಚ್ಚುವುದರಿಂದ ಹಿರಿಯರೂ ಕಿರಿಯರೂ ಒಂದೇ ಕಂಬಿಯ ಬದಿಗೆ ನಿಲ್ಲಬೇಕಾಗುತ್ತದೆ. ಹೀಗೆ ಕೆಟ್ಟ ಹವೆಯೇ ಕುಟುಂಬವನ್ನು ಒಂದೆಡೆ ಹಿಡಿದಿಡುತ್ತದೆ. ತಿಳಿಬಿಸಿಲಿನ ವಿಹಾರದಲ್ಲಿ ಅವರು ಅಲ್ಲಲ್ಲಿ ಚದುರಿಹೋಗುತ್ತಿದ್ದರು.

ಆದರೆ ಈ ಚರಿತ್ರೆಗೆ ಇನ್ನೊಂದು ಮಗ್ಗುಲಿದೆ, ಅದನ್ನು ಬಿಟ್ಟು ಬರೆದರೆ ಬರಹ ಅಪೂರ್ಣವಾಗುತ್ತದೆ. ಮಳೆಗಾಲದ ಜೋಗವನ್ನು ರೂಪಿಸಿದ ಅದೇ ಜಲಾಶಯದ ತಳದಲ್ಲಿ ಗದ್ದೆ, ತೋಟ, ಮನೆ, ಗುಡಿಗಳಿದ್ದ ಊರುಗಳಿವೆ; ಅಲ್ಲಿಂದ ಎದ್ದುಹೋದ ಕುಟುಂಬಗಳ ಪೈಕಿ ಅನೇಕರಿಗೆ ಕೊಟ್ಟ ಭೂಮಿಯ ಹಕ್ಕು ದಶಕಗಳು ಕಳೆದರೂ ಇತ್ಯರ್ಥವಾಗಿಲ್ಲ. ನಾ. ಡಿಸೋಜಾ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳಲ್ಲಿ ಈ ನೋವನ್ನು ದಾಖಲಿಸಿದ್ದಾರೆ. ಮಳೆಯಲ್ಲಿ ನೆನೆಯುತ್ತ ಜಲಪಾತಕ್ಕಾಗಿ ಕಾಯುವ ಪ್ರತಿಯೊಂದು ಕುಟುಂಬಕ್ಕೂ ರಾಜ, ರಾಣಿಯರ ಹೆಸರು ಮತ್ತು ಎತ್ತರದ ಅಂಕಿಗಳ ಪಕ್ಕದಲ್ಲಿಯೇ, ಮುಳುಗಿದ ಆ ಊರುಗಳ ಹೆಸರುಗಳೂ ದೊಡ್ಡ ಅಕ್ಷರಗಳಲ್ಲಿ ಓದಲು ಸಿಗಬೇಕು; ಅಂಥ ಫಲಕವನ್ನು ನಿಲ್ಲಿಸಿ ಕಾಪಾಡುವ ಹೊಣೆಯನ್ನು ರಾಜ್ಯ ಸರ್ಕಾರ ಹೊರಬೇಕು.