ಗಾಜಿನ ಎಳೆಯ ವ್ಯಾಜ್ಯ

ಕೋತಗಿರಿ ಕಡೆಯಿಂದ ಕಟ್ಟಬೆಟ್ಟಿಗೆ ಬರುವ ರಸ್ತೆಯ ಬದಿಯಲ್ಲಿ ಕೇಬಲು ಹೂಳಲು ಅಗೆದ ಕಾಲುವೆ ಕಂಡ ಹುಡುಗನೊಬ್ಬ, "ಸಾರ್, ಇದರೊಳಗೆ ಕರೆಂಟು ಹೋಗುತ್ತಾ?" ಎಂದು ಕೇಳಿದ. ಕರೆಂಟಲ್ಲ, ಬೆಳಕು ಎಂದೆ. ನಂಬಲಿಲ್ಲ. ಮಂಜು ಕವಿದರೆ ಹತ್ತು ಮಾರು ದೂರದ ಬಸ್ಸಿನ ದೀಪವೇ ಕಾಣದ ಊರು. ಅವನ ಅನುಮಾನ ಸಹಜವೇ.

ಗಾಜಿಗೂ ಅದೇ ಕಾಯಿಲೆ ಇತ್ತು. ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಲಂಡನ್ನಿನಲ್ಲಿ ಹಾಪ್ಕಿನ್ಸ್ ಜೊತೆ ಗಾಜಿನ ಎಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಿದ್ದನ್ನು 1954ರಲ್ಲಿ ಪ್ರಕಟಿಸಿದರು. ಆದರೆ ದೂರ ಹೋದಂತೆ ಬೆಳಕು ಇಂಗಿಹೋಗುತ್ತಿತ್ತು. ಒಂದು ಕಿಲೋಮೀಟರ್ ದಾಟಿದ ಮೇಲೆ ನೂರರಲ್ಲಿ ಒಂದು ಪಾಲು ಉಳಿದರೂ ಸಾಕು, ಸಂಪರ್ಕಕ್ಕೆ ಬಳಸಬಹುದು ಎಂದು 1966ರಲ್ಲಿ ಚಾರ್ಲ್ಸ್ ಕಾವ್ ಮತ್ತು ಹಾಕಮ್ ಲೆಕ್ಕ ಹಾಕಿದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪೆನಿಯ ಮೌರರ್, ಕೆಕ್, ಶುಲ್ಟ್ಸ್ ಆ ಗೆರೆ ದಾಟಿದರು. ಉಪಾಯ ಇದು: ಒಳಗಿನ ತಿರುಳಿನ ಸಿಲಿಕಾಗೆ ಟೈಟಾನಿಯಂ ಆಕ್ಸೈಡಿನಂಥ ಬೆರಕೆ ಹಾಕಿ ಅದರ ವಕ್ರೀಭವನ ಸೂಚ್ಯಂಕವನ್ನು ಹೊರಕವಚಕ್ಕಿಂತ ತುಸು ಏರಿಸುವುದು. ಬೆಳಕು ತಿರುಳಿನಲ್ಲೇ ಸೆರೆಯಾಗುತ್ತದೆ. 1972ರಲ್ಲಿ ಪೇಟೆಂಟು ಸಿಕ್ಕಿತು. (ನಮ್ಮ 1970ರ ಪೇಟೆಂಟು ಕಾಯಿದೆ ಜಾರಿಗೆ ಬಂದದ್ದೂ ಆ ವರ್ಷವೇ.)

ಜಪಾನಿನ ಸುಮಿಟೊಮೊ ಅಂಥ ಎಳೆ ಮಾರತೊಡಗಿದಾಗ ಕಾರ್ನಿಂಗ್ ನ್ಯಾಯಾಲಯಕ್ಕೆ ಹೋಯಿತು. ಸುಮಿಟೊಮೊ ಹೇಳಿದ್ದು, "ಇದರಲ್ಲಿ ಹೊಸದೇನಿಲ್ಲ, ಬ್ರಿಟನ್ನಿನ ಹಳೆಯ ಪೇಟೆಂಟಿನಲ್ಲೇ ಇದೆ." ಆ ಕಾಗದದಲ್ಲಿ, ಬೆರಕೆ ಹಾಕಿ ತಿರುಳು, ಕವಚಗಳ ನಡುವೆ ವ್ಯತ್ಯಾಸ ತರಬಹುದು ಎಂಬ ಸಾಮಾನ್ಯ ಮಾತೇನೋ ಇತ್ತು. ತಿರುಳಿನ ಸೂಚ್ಯಂಕವನ್ನೇ ಏರಿಸಿ ಎಂದು ಇರಲಿಲ್ಲ. 1989ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಒಪ್ಪಲಿಲ್ಲ: ಹೊಸತನ ಕೆಡಬೇಕಾದರೆ ಹಕ್ಕಿನ ಪ್ರತಿ ಅಂಶವೂ ಒಂದೇ ಹಳೆಯ ದಾಖಲೆಯಲ್ಲಿ ಸಿಗಬೇಕು. "ಬೆಟ್ಟದಲ್ಲಿ ಬೆಳೆ ಬರುತ್ತದೆ" ಎಂದು ಬರೆದವನು ಚಹಾ ಕಂಡುಹಿಡಿದಂತಾಗುವುದಿಲ್ಲ, ನೋಡಿ.

ಇದೇ ನಿಯಮ 1997ರಲ್ಲಿ ನಮಗೆ ನೆರವಾಯಿತು. ಗಾಯಕ್ಕೆ ಅರಿಸಿನ ಎಂಬ ಅಮೆರಿಕದ ಪೇಟೆಂಟನ್ನು ಸಿ.ಎಸ್.ಐ.ಆರ್. ಬಿಡಿಸಿದ್ದು ಹಳೆಯ ಬರಹಗಳನ್ನು ತೋರಿಸಿ. ಅಜ್ಜಿ ಬಾಯಲ್ಲಿ ಹೇಳಿದ್ದು ಅಲ್ಲಿ ಲೆಕ್ಕಕ್ಕೆ ಬರುತ್ತಿರಲಿಲ್ಲ. ಬಡಗರ ಹಟ್ಟಿಗಳ ಮದ್ದು ನೆನಪಾಗಿ ನನಗೆ ಕಸಿವಿಸಿಯಾಗುತ್ತದೆ.

ಸುಮಿಟೊಮೊ ಬಳಿ ಇನ್ನೊಂದು ಎಳೆಯೂ ಇತ್ತು. ತಿರುಳನ್ನು ಶುದ್ಧವಾಗಿಯೇ ಬಿಟ್ಟು, ಕವಚಕ್ಕೆ ಫ್ಲೋರಿನ್ ಬೆರೆಸಿ ಅದರ ಸೂಚ್ಯಂಕವನ್ನೇ ಇಳಿಸಿದ್ದರು. ಜಾಣತನವೇ. ಆದರೆ ಕೆಲಸ, ವಿಧಾನ, ಫಲ ಮೂರೂ ಬಹುಪಾಲು ಒಂದೇ ಎಂದು ನ್ಯಾಯಾಲಯ ಅದನ್ನೂ ಉಲ್ಲಂಘನೆಯೆಂದೇ ಎಣಿಸಿತು.