ಸೊರಬ ವಿಧಾನಸಭಾ ಕ್ಷೇತ್ರದ ಚುನಾವಣಾ ಇತಿಹಾಸ

ಸೊರಬ ವಿಧಾನಸಭಾ ಕ್ಷೇತ್ರವು ಕರ್ನಾಟಕ ವಿಧಾನಸಭೆಯ 224 ಕ್ಷೇತ್ರಗಳಲ್ಲಿ ಒಂದು. ಇದು ಶಿವಮೊಗ್ಗ ಜಿಲ್ಲೆಯಲ್ಲಿದ್ದು, ಶಿವಮೊಗ್ಗ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಒಂದಾಗಿದೆ. 1967ರಿಂದ 2023ರವರೆಗೆ ಇಲ್ಲಿ ಒಂದು ಉಪಚುನಾವಣೆಯೂ ಸೇರಿ ನಡೆದ 14 ಚುನಾವಣೆಗಳಲ್ಲಿ 13 ಬಾರಿ ಎಸ್. ಬಂಗಾರಪ್ಪ ಅಥವಾ ಅವರ ಇಬ್ಬರು ಪುತ್ರರಲ್ಲಿ ಒಬ್ಬರು ಆಯ್ಕೆಯಾಗಿದ್ದಾರೆ. ಆದರೆ ಈ ಗೆಲುವುಗಳು ಒಂದೇ ಪಕ್ಷದವಲ್ಲ. ಸಮಾಜವಾದಿ ಪಕ್ಷದಿಂದ ಭಾರತೀಯ ಜನತಾ ಪಕ್ಷದವರೆಗೆ ಹಲವು ಚಿಹ್ನೆಗಳ ಮೇಲೆ ಬಂದವು. ಪಕ್ಷಕ್ಕಿಂತ ವ್ಯಕ್ತಿಯನ್ನು ನೋಡಿ ಮತ ನೀಡುವ ಕ್ಷೇತ್ರಕ್ಕೆ ರಾಜ್ಯದಲ್ಲಿ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಸಿಗುವುದು ಕಷ್ಟ.

ಭೌಗೋಳಿಕ ಮತ್ತು ಸಾಮಾಜಿಕ ಹಿನ್ನೆಲೆ

ಸೊರಬವು ಮಲೆನಾಡು ಮುಗಿದು ಬಯಲುಸೀಮೆ ತೊಡಗುವ ಅಂಚಿನಲ್ಲಿರುವ ಅರೆಮಲೆನಾಡು ಪ್ರದೇಶ. ವರದಾ ಮತ್ತು ದಂಡಾವತಿ ಇಲ್ಲಿನ ಮುಖ್ಯ ನದಿಗಳು. ಆನವಟ್ಟಿ, ಜಡೆ, ಚಂದ್ರಗುತ್ತಿ, ಉಳವಿ ಮೊದಲಾದವು ಪ್ರಮುಖ ಊರುಗಳು. ಭತ್ತ, ಅಡಿಕೆ, ಮೆಕ್ಕೆಜೋಳ, ಶುಂಠಿ, ಅನಾನಸು ಇಲ್ಲಿನ ಬೆಳೆಗಳು. ಶ್ರೀಗಂಧದ ಕೆತ್ತನೆಗೆ ಹೆಸರಾದ ಗುಡಿಗಾರರ ನೆಲೆಯೂ ಇದೇ. ದೊಡ್ಡ ಕೈಗಾರಿಕೆ ಇಲ್ಲದ ಕಾರಣ ಮತದಾರರಲ್ಲಿ ಬಹುಪಾಲು ಜನ ಸಾಗುವಳಿಯನ್ನೇ ನೆಚ್ಚಿದವರು. ದೀವರು, ಲಿಂಗಾಯತರು, ಪರಿಶಿಷ್ಟರು, ಮುಸ್ಲಿಮರು ಹಾಗೂ ಇತರ ಹಿಂದುಳಿದ ಸಮುದಾಯಗಳು ಇಲ್ಲಿವೆ. ಇವರಲ್ಲಿ ದೀವರ ಸಂಖ್ಯೆ ಗಣನೀಯವಾಗಿದೆ.

ಈ ಭಾಗದ ರಾಜಕಾರಣವನ್ನು ಅರಿಯಲು ನೆರೆಯ ಸಾಗರ ತಾಲ್ಲೂಕಿನ ಕಾಗೋಡು ಸತ್ಯಾಗ್ರಹವನ್ನು ನೆನೆಯಲೇಬೇಕು. 1951ರಲ್ಲಿ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದ ವಿಷಯದಲ್ಲಿ ಒಡೆಯರಿಗೂ ಗೇಣಿದಾರರಿಗೂ ಹುಟ್ಟಿದ ವಿವಾದವು ಭೂಮಿಯ ಹಕ್ಕಿನ ಹೋರಾಟವಾಗಿ ಬೆಳೆಯಿತು. ಗೇಣಿದಾರರಲ್ಲಿ ಹೆಚ್ಚಿನವರು ದೀವರು. ಸಮಾಜವಾದಿಗಳು ಅವರ ಬೆಂಬಲಕ್ಕೆ ನಿಂತರು. ರಾಮಮನೋಹರ ಲೋಹಿಯಾ ಸ್ವತಃ ಬಂದು ಬಂಧನಕ್ಕೊಳಗಾದರು. 1952ರಲ್ಲಿ ಸಾಗರ-ಹೊಸನಗರ ಕ್ಷೇತ್ರದಿಂದ ಶಾಂತವೇರಿ ಗೋಪಾಲಗೌಡರು ಆಯ್ಕೆಯಾದರು. ಸೊರಬದ ಗೇಣಿದಾರರ ಸ್ಥಿತಿಯೂ ಭಿನ್ನವಾಗಿರಲಿಲ್ಲವಾದ್ದರಿಂದ ಆ ಚಳವಳಿಯ ಬಿಸಿ ತಾಲ್ಲೂಕಿನ ಗಡಿಯಲ್ಲಿ ನಿಲ್ಲಲಿಲ್ಲ.

ಬಂಗಾರಪ್ಪನವರ ಕಾಲ (1967–1996)

ಸೊರಬ ತಾಲ್ಲೂಕಿನ ಕುಬಟೂರಿನವರಾದ ಎಸ್. ಬಂಗಾರಪ್ಪ ವಕೀಲರಾಗಿದ್ದು, ಸಮಾಜವಾದಿ ಚಳವಳಿಯ ಮೂಲಕ ರಾಜಕೀಯಕ್ಕೆ ಬಂದವರು. 1967ರಲ್ಲಿ ಸಂಯುಕ್ತ ಸಮಾಜವಾದಿ ಪಕ್ಷದಿಂದ ಮೊದಲ ಬಾರಿ ಗೆದ್ದರು. 1972ರಲ್ಲಿ ರಾಜ್ಯವಿಡೀ ಇಂದಿರಾ ಗಾಂಧಿಯವರ ಕಾಂಗ್ರೆಸ್ ಅಲೆ ಬೀಸುತ್ತಿದ್ದಾಗಲೂ ಸೊರಬದಲ್ಲಿ ಬಂಗಾರಪ್ಪ, ಸಾಗರದಲ್ಲಿ ಕಾಗೋಡು ತಿಮ್ಮಪ್ಪ, ತೀರ್ಥಹಳ್ಳಿಯಲ್ಲಿ ಕೋಣಂದೂರು ಲಿಂಗಪ್ಪ ಸಮಾಜವಾದಿಗಳಾಗಿಯೇ ಗೆದ್ದರು. ಮೂರು ನೆರೆಹೊರೆಯ ಕ್ಷೇತ್ರಗಳು ಹೀಗೆ ಒಟ್ಟಿಗೆ ಅಲೆಯ ವಿರುದ್ಧ ನಿಂತದ್ದು ಆಕಸ್ಮಿಕವಲ್ಲ. ಅದರ ಹಿಂದೆ ಗೇಣಿದಾರರ ಸಂಘಟನೆಯ ಎರಡು ದಶಕಗಳ ದುಡಿಮೆಯಿತ್ತು.

1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಗೇಣಿ ಪದ್ಧತಿಯನ್ನೇ ರದ್ದುಗೊಳಿಸಿತು. ಸಮಾಜವಾದಿಗಳ ಮುಖ್ಯ ಬೇಡಿಕೆಯನ್ನು ದೇವರಾಜ ಅರಸರ ಕಾಂಗ್ರೆಸ್ ಸರ್ಕಾರವೇ ಈಡೇರಿಸಿದ ಮೇಲೆ ಇಲ್ಲಿನ ಹಲವು ನಾಯಕರು ಆ ಪಕ್ಷದತ್ತ ಸರಿದರು. 1978ರಲ್ಲಿ ಬಂಗಾರಪ್ಪ ಕಾಂಗ್ರೆಸ್ಸಿನಿಂದ ಗೆದ್ದು ಅರಸರ ಸಂಪುಟದಲ್ಲಿ ಸಚಿವರಾದರು. 1983ರಲ್ಲಿ ಜನತಾ–ಕ್ರಾಂತಿರಂಗ ಕೂಟದಿಂದ ಗೆದ್ದರಾದರೂ ಮುಖ್ಯಮಂತ್ರಿ ಸ್ಥಾನ ರಾಮಕೃಷ್ಣ ಹೆಗಡೆಯವರ ಪಾಲಾಯಿತು. ಬಂಗಾರಪ್ಪ ಕಾಂಗ್ರೆಸ್ಸಿಗೆ ಮರಳಿದರು. 1985ರಲ್ಲಿ ಜನತಾ ಪಕ್ಷ ಭಾರಿ ಬಹುಮತ ಗಳಿಸಿದಾಗ ಸೊರಬ ಅವರನ್ನು ಕಾಂಗ್ರೆಸ್ಸಿನಿಂದಲೇ ಗೆಲ್ಲಿಸಿತು; ಅವರು ವಿರೋಧ ಪಕ್ಷದ ನಾಯಕರಾದರು.

1989ರ ಗೆಲುವಿನ ಬಳಿಕ, 1990ರ ಅಕ್ಟೋಬರ್ 17ರಿಂದ 1992ರ ನವೆಂಬರ್ 19ರವರೆಗೆ ಅವರು ಮುಖ್ಯಮಂತ್ರಿಯಾಗಿದ್ದರು. ಬಡವರಿಗೆ ಮನೆ ಒದಗಿಸುವ ಆಶ್ರಯ, ಗ್ರಾಮೀಣ ಉದ್ಯೋಗದ ವಿಶ್ವ, ದೇಗುಲಗಳ ಜೀರ್ಣೋದ್ಧಾರದ ಆರಾಧನಾ ಯೋಜನೆಗಳು ಮತ್ತು ರೈತರ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಆ ಅವಧಿಯವು. ಇವು ರಾಜ್ಯಕ್ಕೆಲ್ಲ ಅನ್ವಯಿಸಿದರೂ ಸೊರಬದಲ್ಲಿ ಇವುಗಳ ನೆನಪು ಇಂದಿಗೂ ಮತವಾಗಿ ಪರಿವರ್ತನೆಗೊಳ್ಳುತ್ತದೆ. 1994ರಲ್ಲಿ ಅವರು ಸ್ವಂತ ಕರ್ನಾಟಕ ಕಾಂಗ್ರೆಸ್ ಪಕ್ಷ ಕಟ್ಟಿ ಏಳನೆಯ ಬಾರಿ ಸೊರಬದಿಂದ ಆಯ್ಕೆಯಾದರು. ಆ ಪಕ್ಷ ಗೆದ್ದದ್ದು 10 ಸ್ಥಾನಗಳನ್ನು ಮಾತ್ರ. 'ಸೋಲಿಲ್ಲದ ಸರದಾರ' ಎಂಬ ಬಿರುದು ಸೊರಬದ ಮಟ್ಟಿಗೆ ಅಕ್ಷರಶಃ ನಿಜ. ಲೋಕಸಭಾ ಚುನಾವಣೆಗಳಲ್ಲಿ ಮಾತ್ರ ಅವರು ಸೋಲನ್ನೂ ಕಂಡರು.

ಸಹೋದರರ ಸ್ಪರ್ಧೆ

1996ರಲ್ಲಿ ಬಂಗಾರಪ್ಪ ಲೋಕಸಭೆಗೆ ಆಯ್ಕೆಯಾದ್ದರಿಂದ ಉಪಚುನಾವಣೆ ನಡೆದು, ಅವರ ಹಿರಿಯ ಪುತ್ರ, ಚಲನಚಿತ್ರ ನಟ ಕುಮಾರ್ ಬಂಗಾರಪ್ಪ ಗೆದ್ದರು. 1999ರಲ್ಲಿ ಕಾಂಗ್ರೆಸ್ಸಿನಿಂದ ಮರು ಆಯ್ಕೆಯಾದರು. 2004ರಲ್ಲಿ ತಂದೆ ಭಾರತೀಯ ಜನತಾ ಪಕ್ಷ ಸೇರಿದ್ದರು. ಕಿರಿಯ ಪುತ್ರ ಮಧು ಬಂಗಾರಪ್ಪ ಆ ಪಕ್ಷದ ಅಭ್ಯರ್ಥಿಯಾದರು. ಕಾಂಗ್ರೆಸ್ಸಿನಿಂದ ನಿಂತ ಕುಮಾರ್ ತಮ್ಮನ ಎದುರು ಗೆದ್ದರು. ಶಿವಮೊಗ್ಗ ಲೋಕಸಭಾ ಕ್ಷೇತ್ರದಲ್ಲಿ ಅದೇ ಕಾಲಕ್ಕೆ ತಂದೆಯೂ ಗೆದ್ದರೆಂಬುದು ಗಮನಾರ್ಹ. ಒಂದೇ ಕುಟುಂಬದ ಇಬ್ಬರು ಎದುರಾಳಿ ಪಕ್ಷಗಳಿಂದ ಏಕಕಾಲಕ್ಕೆ ಜಯಗಳಿಸಿದ್ದರು.

2008ರಲ್ಲಿ ಕುಮಾರ್ ಕಾಂಗ್ರೆಸ್ಸಿನಿಂದಲೂ ಮಧು ಸಮಾಜವಾದಿ ಪಕ್ಷದಿಂದಲೂ ಸ್ಪರ್ಧಿಸಿದರು. ಮತಗಳು ಹಂಚಿಹೋಗಿ ಭಾರತೀಯ ಜನತಾ ಪಕ್ಷದ ಹರತಾಳು ಹಾಲಪ್ಪ ಗೆದ್ದರು. ಅವರು ಅದಕ್ಕೂ ಮೊದಲು ಹೊಸನಗರದ ಶಾಸಕರಾಗಿದ್ದರು. ಕ್ಷೇತ್ರ ಪುನರ್ವಿಂಗಡಣೆಯಲ್ಲಿ ಹೊಸನಗರ ಕ್ಷೇತ್ರ ರದ್ದಾಗಿತ್ತು. ನಾಲ್ಕು ದಶಕಗಳಲ್ಲಿ ಸೊರಬವನ್ನು ಪ್ರತಿನಿಧಿಸಿದ ಹೊರಗಿನವರು ಇವರೊಬ್ಬರೇ.

ಬಂಗಾರಪ್ಪ 2011ರ ಡಿಸೆಂಬರ್ 26ರಂದು ನಿಧನರಾದರು. 2013ರಲ್ಲಿ ಮಧು ಜನತಾದಳ (ಜಾತ್ಯತೀತ) ಅಭ್ಯರ್ಥಿಯಾಗಿ ಗೆದ್ದರು. ಕರ್ನಾಟಕ ಜನತಾ ಪಕ್ಷದಿಂದ ನಿಂತಿದ್ದ ಹಾಲಪ್ಪ ಎರಡನೆಯವರಾದರೆ, ಕಾಂಗ್ರೆಸ್ಸಿನ ಕುಮಾರ್ ಮೂರನೆಯ ಸ್ಥಾನಕ್ಕಿಳಿದರು. ಅದೇ ವರ್ಷ ರಾಜ್ಯದಲ್ಲಿ ಕಾಂಗ್ರೆಸ್ ಅಧಿಕಾರಕ್ಕೆ ಬಂದಿತ್ತೆಂಬುದನ್ನು ನೆನೆದರೆ ಸೊರಬದ ಸ್ವತಂತ್ರ ಮನೋಭಾವ ಅರ್ಥವಾಗುತ್ತದೆ. 2018ರಲ್ಲಿ ಭಾರತೀಯ ಜನತಾ ಪಕ್ಷ ಸೇರಿದ್ದ ಕುಮಾರ್ 3,286 ಮತಗಳ ಅಂತರದಿಂದ ಮಧು ಅವರನ್ನು ಸೋಲಿಸಿದರು. 2021ರಲ್ಲಿ ಮಧು ಕಾಂಗ್ರೆಸ್ ಸೇರಿ, 2023ರಲ್ಲಿ 44,262 ಮತಗಳ ಅಂತರದಿಂದ ಗೆದ್ದು, ಶಾಲಾ ಶಿಕ್ಷಣ ಮತ್ತು ಸಾಕ್ಷರತಾ ಸಚಿವರಾದರು.

ಕುಟುಂಬದ ಹಿಡಿತವಷ್ಟನ್ನೇ ನೋಡುವವರಿಗೆ ಒಂದು ಸಂಗತಿ ಕಣ್ತಪ್ಪುವ ಸಂಭವವಿದೆ. 2008ರಿಂದ 2023ರವರೆಗಿನ ನಾಲ್ಕೂ ಚುನಾವಣೆಗಳಲ್ಲಿ ಹಾಲಿ ಶಾಸಕರು ಸೋತಿದ್ದಾರೆ. ತಂದೆಗೆ ಏಳು ಬಾರಿ ದೊರೆತ ವಿಶ್ವಾಸ ಮಕ್ಕಳಿಗೆ ತಾನಾಗಿ ವರ್ಗವಾಗಿಲ್ಲ. ಆಯ್ಕೆ ಇಬ್ಬರ ನಡುವೆಯೇ ಆದರೂ ಮತದಾರ ಅದನ್ನು ಚಲಾಯಿಸುತ್ತಲೇ ಬಂದಿದ್ದಾನೆ.

ಚುನಾವಣಾ ವಿಷಯಗಳು

ಗೇಣಿ ಪ್ರಶ್ನೆ ಬಗೆಹರಿದ ಮೇಲೂ ಭೂಮಿಯ ಪ್ರಶ್ನೆ ಮುಗಿಯಲಿಲ್ಲ. ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡುತ್ತಿರುವ ಬಗರ್‌ಹುಕುಂ ಸಾಗುವಳಿದಾರರು ನಮೂನೆ 50, 53 ಮತ್ತು 57ರಲ್ಲಿ ಅರ್ಜಿ ಸಲ್ಲಿಸಿ ಹಕ್ಕುಪತ್ರಕ್ಕೆ ಕಾಯುವುದು ಇಲ್ಲಿ ಸಾಮಾನ್ಯ. ಜಮೀನು ಅರಣ್ಯದ ದಾಖಲೆಯಲ್ಲಿದ್ದರೆ 2006ರ ಅರಣ್ಯ ಹಕ್ಕು ಕಾಯಿದೆ ಅನ್ವಯಿಸುತ್ತದೆ. ಆದರೆ ಬುಡಕಟ್ಟಿಗೆ ಸೇರದವರು ಮೂರು ತಲೆಮಾರುಗಳ, ಅಂದರೆ 75 ವರ್ಷಗಳ ವಾಸವನ್ನು ಸಾಬೀತುಪಡಿಸಬೇಕು. ಅಜ್ಜನ ಕಾಲದ ಕಾಗದಪತ್ರ ಯಾವ ಬಡ ರೈತನ ಮನೆಯಲ್ಲಿದ್ದೀತು? ಹೀಗಾಗಿ ಪ್ರತಿ ಚುನಾವಣೆಯಲ್ಲೂ ಒಕ್ಕಲೆಬ್ಬಿಸುವ ಭೀತಿ ಮತ್ತು ಹಕ್ಕುಪತ್ರದ ಭರವಸೆ ಮುಂಚೂಣಿಗೆ ಬರುತ್ತವೆ.

ನೀರಾವರಿ ಇನ್ನೊಂದು ವಿಷಯ. ದಂಡಾವತಿಗೆ ಅಣೆಕಟ್ಟು ಕಟ್ಟುವ ಪ್ರಸ್ತಾಪವನ್ನು ಮುಳುಗಡೆಯ ಭಯದಿಂದ ರೈತರು ವಿರೋಧಿಸಿದರು. ಶರಾವತಿ ಮುಳುಗಡೆಯ ಸಂತ್ರಸ್ತರನ್ನು ಕಂಡ ಜಿಲ್ಲೆಯಲ್ಲಿ ಈ ಭಯ ಸಹಜವೇ. ನದಿಯಿಂದ ನೀರೆತ್ತಿ ಕೆರೆ ತುಂಬಿಸುವ ಮೂಡಿ, ಮೂಗೂರು ಏತ ನೀರಾವರಿ ಯೋಜನೆಗಳು ಬಳಿಕ ಚುನಾವಣಾ ಭಾಷಣಗಳ ವಸ್ತುವಾದವು.